ಉಪ್ಪು ಅಂತರ್ಜಲ ನದಿ ಸೇರದಂತೆ ತಡೆಯೋದು ಹೇಗೆ? ಮರ್ರೆ ನದಿಯ ಕತೆ, ನಮ್ಮ ಹಳ್ಳದ ಲೆಕ್ಕ

ಸವಳು ಹೊಲ ಅಂದ ಕೂಡಲೇ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: ಉಪ್ಪು ಹೊರಗೆ ಹಾಕೋದು ಹೇಗೆ? ಹೊರಗೆ ಹಾಕಿದ ಉಪ್ಪು ಆಮೇಲೆ ಎಲ್ಲಿಗೆ ಹೋಯ್ತು ಅಂತ ಕೇಳುವವರು ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ನಮ್ಮ ಕಡೆ ಹೊಲದಿಂದ ಬಸಿಗಾಲುವೆಗೆ, ಬಸಿಗಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ. ಅಷ್ಟಕ್ಕೆ ನಮ್ಮ ಲೆಕ್ಕ ಮುಗೀತು. ನದಿಯ ಕೆಳಗೆ ಇರುವವರ ಲೆಕ್ಕ ಅಲ್ಲಿಂದ ಶುರುವಾಗುತ್ತೆ.

ಈ ವಾರ ಆ ಎರಡನೇ ಪ್ರಶ್ನೆ ಹಿಡಿದುಕೊಂಡು ಸ್ವಲ್ಪ ದೂರ ಹೋಗೋಣ, ಆಸ್ಟ್ರೇಲಿಯಾದ ಮರ್ರೆ ನದಿ ತನಕ. ಯಾಕಂದ್ರೆ ನೆಲದೊಳಗಿನ ಉಪ್ಪು ನೀರು ನದಿಗೆ ಇಳಿಯೋದನ್ನ ತಡೆಯಲು ಇಷ್ಟು ದೊಡ್ಡದಾಗಿ, ಇಷ್ಟು ವರ್ಷ ದುಡಿದವರು ಬೇರೆ ಕಡೆ ಸಿಗೋದು ಕಷ್ಟ. ಅವರು ಖರ್ಚು ಮಾಡಿ ಕಲಿತದ್ದರಲ್ಲಿ ನಮಗೆ ಪುಕ್ಕಟೆ ಸಿಗುವ ಪಾಠವೂ ಇದೆ.

ಮರ ಕಡಿದರೆ ನೀರು ಏರಿತು

ಮರ್ರೆ ನದಿಯ ಕೆಳಭಾಗದ ಒಣ ಸೀಮೆಗೆ ಮ್ಯಾಲಿ ಅಂತ ಹೆಸರು. ಮಳೆ ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸು. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಸಮುದ್ರ ಇತ್ತು, ಹಿಂದೆ ಸರಿಯಿತು. ಆಮೇಲೂ ಸಮುದ್ರದ ಗಾಳಿ ಮತ್ತು ಮಳೆ ಜೊತೆ ಚೂರುಚೂರೇ ಉಪ್ಪು ಬರ್ತಾನೇ ಇತ್ತು. ಮಳೆ ನೀರನ್ನ ಮರ ಕುಡೀತು, ಉಪ್ಪು ಬೇರಿನ ಕೆಳಗೆ ಉಳೀತು. ಹಾಗಾಗಿ ಅಲ್ಲಿನ ಅಂತರ್ಜಲ ಕೆಲವೆಡೆ ಸಮುದ್ರದ ನೀರಿನಷ್ಟೇ ಉಪ್ಪು.

ಮ್ಯಾಲಿ ಅನ್ನೋದು ಒಂದು ಜಾತಿಯ ಗಿಡಗುಂಪಿನ ಹೆಸರೂ ಹೌದು: ಬುಡದಿಂದಲೇ ಹಲವು ಕಾಂಡ ಒಡೆಯುವ ನೀಲಗಿರಿ. ಕೋಲಾರದ ಕಡೆ ನಾವು ಯಾವ ನೀಲಗಿರಿಗೆ ಅಂತರ್ಜಲ ಕುಡಿಯುತ್ತೆ ಅಂತ ಶಾಪ ಹಾಕ್ತೇವೋ, ಅದೇ ಕುಲದ ಮರ ಅಲ್ಲಿ ಉಪ್ಪು ನೀರನ್ನ ಕೆಳಗೇ ಹಿಡಿದಿಟ್ಟಿತ್ತು. ಮರ ಇದ್ದಾಗ ಬೇರು ದಾಟಿ ಕೆಳಗೆ ಇಳಿಯುತ್ತಿದ್ದ ಮಳೆನೀರು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಗೋಧಿ ಬೆಳೆಯಲು ಮರ ಕಡಿದ ಮೇಲೆ ಅದು ಹತ್ತಾರು ಪಟ್ಟು ಹೆಚ್ಚಾಯಿತು. ಆ ನೀರು ಆಳದ ಅಂತರ್ಜಲ ಮುಟ್ಟಲು ದಶಕಗಳೇ ಬೇಕು. ಅಜ್ಜ ಕಡಿದ ಮರದ ಉಪ್ಪು ಮೊಮ್ಮಗನ ಕಾಲಕ್ಕೆ ನದಿಯಲ್ಲಿ ಕಾಣುತ್ತೆ.

ನೀರಾವರಿ ಇಷ್ಟು ಕಾಯಲಿಲ್ಲ. 1887ರಲ್ಲಿ ಕೆನಡಾ ಮೂಲದ ಚಾಫಿ ಸಹೋದರರು ಮಿಲ್ಡೂರಾ ಮತ್ತು ರೆನ್‌ಮಾರ್ಕ್‌ನಲ್ಲಿ ನೀರಾವರಿ ವಸಾಹತು ಶುರು ಮಾಡಿದರು. ದ್ರಾಕ್ಷಿ, ಕಿತ್ತಳೆ ತೋಟಗಳು ನದಿಯ ಎರಡೂ ದಂಡೆಯ ಎತ್ತರದ ನೆಲದಲ್ಲಿ ಎದ್ದವು. ತೆರೆದ ಕಾಲುವೆ, ಸಾಲಿಗೆ ನೀರು ಬಿಡುವ ಪದ್ಧತಿ. ಹೆಚ್ಚಾದ ನೀರು ಇಂಗಿ ತೋಟಗಳ ಕೆಳಗೆ ಅಂತರ್ಜಲ ದಿಬ್ಬದಂತೆ ಎದ್ದು ನಿಂತಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನ ತಪ್ಪು ತಿಳಿಯೋದು ಇಲ್ಲೇ. ತೋಟದಲ್ಲಿ ಇಂಗಿದ ನೀರೇ ನದಿಗೆ ಹೋಗಿ ಸೇರುತ್ತೆ ಅಂದ್ಕೋಬೇಡಿ. ತುಂಬಿದ ಪೈಪಿನ ಒಂದು ತುದಿಗೆ ಒಂದು ಕೊಡ ನೀರು ಹಾಕಿ ನೋಡಿ, ಇನ್ನೊಂದು ತುದಿಯಿಂದ ಹೊರಗೆ ಬರೋದು ಒಳಗಿದ್ದ ಹಳೇ ನೀರು. ಮರ್ರೆಯಲ್ಲೂ ಆದದ್ದು ಅದೇ. ಮೇಲಿನ ಸಿಹಿನೀರಿನ ದಿಬ್ಬ ಒತ್ತಿದ್ದು ಹಳೇ ಉಪ್ಪು ನೀರನ್ನ, ನದಿಯ ತಳ ಮತ್ತು ದಂಡೆಯಿಂದ ಒಸರಿದ್ದು ಅದು. ಹಾಗಾಗಿ ರೈತ ಎಷ್ಟೇ ಸಿಹಿನೀರು ಹಾಯಿಸಿದರೂ ನದಿಗೆ ಉಪ್ಪೇ ಸಿಗುತ್ತೆ.

ವೂಲ್‌ಪಂಡಾ ಅನ್ನುವ ಭಾಗದಲ್ಲಿ ನದಿ ಸುಣ್ಣಕಲ್ಲನ್ನ ಕೊರೆದುಕೊಂಡು ಆಳದ ಕಣಿವೆಯಲ್ಲಿ ಹರಿಯುತ್ತೆ, ಸುತ್ತಲಿನ ಅಂತರ್ಜಲ ಮಟ್ಟ ನದಿಗಿಂತ ಎತ್ತರ. ಆ ಒಂದೇ ಭಾಗದಲ್ಲಿ ದಿನಕ್ಕೆ ಸುಮಾರು 200 ಟನ್ ಉಪ್ಪು ನದಿಗೆ ಇಳಿಯುತ್ತಿತ್ತು. ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ದಿನಕ್ಕೆ 20 ಲಾರಿ. ಅದರ ಕೆಳಗೆ ಮಾರ್ಗನ್ ಊರು. ಅಲ್ಲಿಂದ ವೈಯಾಲಾ ನಗರದ ತನಕ ಕುಡಿಯುವ ನೀರಿನ ಪೈಪ್‌ಲೈನ್ ಹೋಗುತ್ತೆ. ಅಡಿಲೇಡ್ ನಗರವೂ ಇದೇ ನದಿಯ ನೀರು ಕುಡಿಯುತ್ತೆ.

ತಡೆಯುವ ಬೋರ್‌ವೆಲ್ ಸಾಲು

ಅವರು ಮಾಡಿದ ಕೆಲಸ ಕೇಳಲು ಸರಳ. ನದಿಗೂ ಎತ್ತರದ ನೆಲಕ್ಕೂ ನಡುವೆ, ನದಿಗುಂಟ ಸಾಲಾಗಿ ಬೋರ್‌ವೆಲ್ ಕೊರೆದರು. ಉಪ್ಪು ನೀರು ನದಿ ಮುಟ್ಟುವ ಮೊದಲೇ ಪಂಪ್ ಮಾಡಿ, ಪೈಪಿನಲ್ಲಿ ದೂರದ ತಗ್ಗಿಗೆ ಒಯ್ದು ಬಿಸಿಲಿಗೆ ಆವಿ ಮಾಡೋದು. ವೂಲ್‌ಪಂಡಾದ ನೀರು ಹೋಗೋದು ಸ್ಟಾಕ್‌ಯಾರ್ಡ್ ಪ್ಲೇನ್ ಅನ್ನುವ ತಗ್ಗಿಗೆ. ವೈಕೆರಿ, ಲಾಕ್ಸ್‌ಟನ್, ಬುಕ್‌ಪರ್ನಾಂಗ್, ಮ್ಯಾಲಿ ಕ್ಲಿಫ್ಸ್, ಬುರೊಂಗಾ ಹೀಗೆ ಹಲವು ಕಡೆ ಇಂಥ ಯೋಜನೆಗಳಿವೆ. ಎಲ್ಲಾ ಸೇರಿ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಉಪ್ಪು ನದಿಗೆ ಸೇರದಂತೆ ತಡೆಯುತ್ತವೆ.

ಪಂಪ್ ಎಷ್ಟು ಹೊತ್ತು ಓಡಿಸಬೇಕು ಅನ್ನೋದರಲ್ಲಿ ಜಾಣತನ ಇದೆ. ಎರಡು ಬೋರ್‌ಗಳ ನಡುವಿನ ಜಾಗದಲ್ಲಿ ಅಂತರ್ಜಲ ಮಟ್ಟ ನದಿಯ ಮಟ್ಟಕ್ಕೆ ಸಮ ಬಂದರೆ ಸಾಕು. ಇಳಿಜಾರೇ ಇಲ್ಲ ಅಂದ್ರೆ ನೀರು ಯಾವ ಕಡೆಗೂ ಹರಿಯಲ್ಲ. ಅದಕ್ಕಿಂತ ಹೆಚ್ಚು ಎಳೆದರೆ ನದಿಯ ಸಿಹಿನೀರೇ ಬೋರ್‌ಗೆ ಬಂದು, ಅದನ್ನ ಕರೆಂಟ್ ಸುಟ್ಟು ಬಿಸಿಲಿಗೆ ಹಾಕಿದ ಹಾಗೆ. ನಮ್ಮಲ್ಲಿ ಪಂಪ್ ಅಂದ್ರೆ ಕರೆಂಟ್ ಇರೋ ತನಕ ಓಡೋ ಯಂತ್ರ. ಅಲ್ಲಿ ಮಟ್ಟ ನೋಡುವ ಪೈಪ್‌ಗಳನ್ನ ಅಳೆದು ಅಷ್ಟಕ್ಕಷ್ಟೇ ಓಡಿಸ್ತಾರೆ.

ತೊಂದರೆ ಇಲ್ಲದ ಕೆಲಸ ಅಂತ ತಿಳೀಬೇಡಿ. ಉಪ್ಪು ನೀರಿಗೆ ಪಂಪ್, ಪೈಪ್ ತುಕ್ಕು ಹಿಡಿಯುತ್ತೆ. ಕಬ್ಬಿಣದ ಅಂಶ ಇರುವ ಕಡೆ ಬೋರ್‌ನ ಜರಡಿಗೆ ಕೆಂಪು ಲೋಳೆ ಕಟ್ಟಿಕೊಳ್ಳುತ್ತೆ. ಆವಿ ತಗ್ಗುಗಳೂ ಸ್ವಲ್ಪ ಸೋರುತ್ತವೆ, ಸೋರಿದ್ದು ನದಿಗೆ ವಾಪಸ್ ಬರಲು ಬಹಳ ಕಾಲ ಹಿಡಿಯುವಂಥ ಜಾಗ ಆರಿಸಿರ್ತಾರೆ ಅಷ್ಟೇ. ಮತ್ತೆ ಆ ಉಪ್ಪು ಅಲ್ಲೇ ಗುಡ್ಡೆ ಬೀಳುತ್ತಾ ಹೋಗುತ್ತೆ. ಮರ್ರೆ ಸೀಮೆಯ ಈ ನೀರಿನಿಂದ ತಯಾರಾದ ತಿಳಿಗುಲಾಬಿ ಬಣ್ಣದ ಹಳಕು ಉಪ್ಪು ಈಗ ದೊಡ್ಡ ಹೋಟೆಲ್‌ಗಳ ಅಡುಗೆಮನೆಗೆ ಹೋಗುತ್ತೆ. ಆದರೆ ಲಕ್ಷ ಲಕ್ಷ ಟನ್ ಉಪ್ಪನ್ನ ಯಾರೂ ಊಟದ ಮೇಲೆ ಉದುರಿಸಿಕೊಂಡು ಮುಗಿಸೋಕೆ ಆಗಲ್ಲ.

ಬೋರ್‌ವೆಲ್‌ಗಿಂತ ನನಗೆ ಇಷ್ಟವಾದದ್ದು ಅವರ ಖಾತೆ ಪುಸ್ತಕ. 1988ರಿಂದ ಅಲ್ಲಿನ ರಾಜ್ಯಗಳು ಉಪ್ಪಿನ ಜಮಾ-ಖರ್ಚು ಇಟ್ಟಿವೆ. ಹೊಸ ನೀರಾವರಿ ಮಾಡಿ ನದಿಗೆ ಉಪ್ಪು ಹೆಚ್ಚಿಸಿದರೆ ಆ ರಾಜ್ಯದ ಖಾತೆಗೆ ಖರ್ಚು, ಉಪ್ಪು ತಡೆದರೆ ಜಮಾ. ಮಾರ್ಗನ್‌ನಲ್ಲಿ ನದಿ ನೀರಿನ ಇಸಿ 100ರಲ್ಲಿ 95 ಭಾಗ ಸಮಯ 800 ಮೈಕ್ರೊಸೀಮೆನ್ಸ್‌ಗಿಂತ ಕೆಳಗೆ ಇರಬೇಕು ಅನ್ನೋದು ಗುರಿ. ನಮ್ಮ ಪೆನ್ ಮೀಟರ್‌ನಲ್ಲಿ ಅದು 0.8 ಅಂತ ಕಾಣೋ ಅಂಕಿ. ನದಿಗೆ ಹತ್ತಿರದ, ಬೇಗ ಉಪ್ಪು ಇಳಿಸುವ ಪಟ್ಟಿಯಲ್ಲಿ ಹೊಸ ತೋಟಕ್ಕೆ ಕಟ್ಟುನಿಟ್ಟು, ದೂರದ ಪಟ್ಟಿಯಲ್ಲಿ ಸಡಿಲ. ತೆರೆದ ಕಾಲುವೆಗಳು ಪೈಪ್ ಆದವು, ಸಾಲು ನೀರಾವರಿ ಡ್ರಿಪ್ ಆಯಿತು. ತೋಟದ ಕೆಳಗಿನ ದಿಬ್ಬವನ್ನ ಕೆಲವೆಡೆ ಇದೇ ಇಳಿಸಿತು. ನನ್ನ ಪ್ರಕಾರ ಪಂಪ್‌ಗಿಂತ ದೊಡ್ಡ ಕೆಲಸ ಇದು: ನೀರು ಉಪ್ಪಾದ ಮೇಲೆ ಎತ್ತೋದಕ್ಕಿಂತ, ಇಂಗಿ ಉಪ್ಪಾಗುವ ಮೊದಲೇ ಉಳಿಸೋದು ಅಗ್ಗ.

ಉಪ್ಪು ಆಚೆ ಊರಿಗೆ ಕಳಿಸಿದವರ ಕತೆ

ಅಮೆರಿಕದಲ್ಲಿ ಎರಡು ಘಟನೆ ನಡೆದಿವೆ, ಎರಡೂ ಕೊಲರಾಡೊ ನದಿ ಸೀಮೆಯವು. ಮೊದಲನೆಯದು ನಮ್ಮ ಕತೆಗೆ ತೀರಾ ಹತ್ತಿರ. ಅರಿಜೋನಾದ ವೆಲ್ಟನ್-ಮೊಹಾಕ್ ಪ್ರದೇಶದ ಹೊಲಗಳು ಜವಳು ಹಿಡಿದವು. ಅಂತರ್ಜಲ ಇಳಿಸಲು ಬೋರ್‌ಗಳಿಂದ ಉಪ್ಪು ನೀರು ಎತ್ತಿ 1961ರಲ್ಲಿ ನದಿಗೆ ಬಿಟ್ಟರು. ಮೇಲಿನವರ ಹೊಲ ಸುಧಾರಿಸಿತು. ಗಡಿಯಾಚೆ ಮೆಕ್ಸಿಕಾಲಿ ಕಣಿವೆಯ ಮೆಕ್ಸಿಕೊ ರೈತರ ಬೆಳೆ ಉಪ್ಪಿಗೆ ಸುಟ್ಟಿತು. ಜಗಳ ಎರಡು ದೇಶಗಳ ಮಟ್ಟಕ್ಕೆ ಹೋಗಿ 1973ರಲ್ಲಿ ಒಪ್ಪಂದ ಆಯಿತು. ಆ ಬಸಿ ನೀರಿಗೇ ಬೇರೆ ಕಾಲುವೆ ತೋಡಿ, ನದಿ ತಪ್ಪಿಸಿ, ಸಮುದ್ರದ ಹತ್ತಿರದ ಜೌಗಿಗೆ ಬಿಡಬೇಕಾಯಿತು.

ಎರಡನೆಯದು ಪ್ಯಾರಡಾಕ್ಸ್ ಕಣಿವೆ. ಅಲ್ಲಿನ ಅಂತರ್ಜಲ ಸಮುದ್ರಕ್ಕಿಂತ ಏಳೆಂಟು ಪಟ್ಟು ಉಪ್ಪು, ಡೊಲೊರೆಸ್ ನದಿಗೆ ಒಸರುತ್ತಿತ್ತು. ಅದನ್ನ ಬೋರ್‌ಗಳಿಂದ ಎತ್ತಿ, ನಾಲ್ಕು ಕಿಲೋಮೀಟರ್‌ಗೂ ಆಳದ ಬಂಡೆಗೆ ಒತ್ತಡ ಹಾಕಿ ತುಂಬುವ ಕೆಲಸ 1996ರಿಂದ ನಡೆಯಿತು. ಉಪ್ಪು ನಿಂತಿತು, ಆದರೆ ಭೂಮಿ ನಡುಗತೊಡಗಿತು. 2019ರ ಮಾರ್ಚ್‌ನಲ್ಲಿ 4.5 ಪ್ರಮಾಣದ ಕಂಪನ ಆದ ಮೇಲೆ ಪಂಪಿಂಗ್ ನಿಲ್ಲಿಸಬೇಕಾಯಿತು.

ನಮ್ಮ ಹೊಲದ ಲೆಕ್ಕ

ನಮ್ಮ ಪಕ್ಕದ ಹೊಲದ ಕಾಕಾ ಒಮ್ಮೆ ಕೇಳಿದ್ರು, "ತಮ್ಮಾ, ಕಾಲುವಿ ನೀರು ಸಿಹಿ ಐತಿ. ಸಿಹಿ ನೀರು ಬಿಟ್ರ ಹೊಲ ಉಪ್ಪು ಹೆಂಗಾಗ್ತದೋ?" ಸರಿಯಾದ ಪ್ರಶ್ನೆ. ಉತ್ತರ ಲೆಕ್ಕದಲ್ಲಿದೆ, ಫೋನಿನ ಕ್ಯಾಲ್ಕುಲೇಟರ್ ತೆಗೀರಿ.

ನೀರಿನ ಇಸಿಯನ್ನ ಡೆಸಿಸೀಮೆನ್ಸ್‌ನಲ್ಲಿ ಅಳೆದು 640ರಿಂದ ಗುಣಿಸಿದರೆ ಒಂದು ಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು ಅನ್ನೋದರ ಅಂದಾಜು ಸಿಗುತ್ತೆ. ಇಸಿ 0.5 ಅಂತಿಟ್ಟುಕೊಳ್ಳಿ, ಕುಡಿದರೆ ಉಪ್ಪು ಅನ್ನಿಸದ ನೀರು. ಲೀಟರ್‌ಗೆ 320 ಮಿಲಿಗ್ರಾಂ, ಅಂದ್ರೆ ಒಂದು ಘನ ಮೀಟರ್‌ಗೆ 320 ಗ್ರಾಂ. ಒಂದು ಎಕರೆಗೆ ಒಂದು ಮೀಟರ್ ಎತ್ತರ ನೀರು ಅಂದ್ರೆ ಸುಮಾರು 4,000 ಘನ ಮೀಟರ್. ಗುಣಿಸಿದರೆ 1,280 ಕಿಲೋ. ಭತ್ತಕ್ಕೆ ಒಂದು ಬೆಳೆಗೆ 1.2 ಮೀಟರ್ ನೀರು ಹಿಡಿದರೆ, ಎರಡು ಬೆಳೆಗೆ ಎಕರೆಗೆ ಮೂರು ಟನ್ ಉಪ್ಪು ಹೊಲಕ್ಕೆ ಬಂತು. ಬೆಳೆ ಅದರಲ್ಲಿ ಹೀರೋದು ಅತಿ ಕಡಿಮೆ. ನೀರು ಆವಿಯಾಗಿ ಹೋಗುತ್ತೆ, ಉಪ್ಪು ಹೋಗಲ್ಲ. ಕಾಕಾಗೆ ನಾನು ಹೇಳಿದ್ದು ಸಾರು ಕುದಿಸೋ ಲೆಕ್ಕ: ನೀರು ಬತ್ತಿದಷ್ಟೂ ಉಪ್ಪು ಜಾಸ್ತಿ.

ಎಡದಂಡೆ ಕಾಲುವೆಯನ್ನ ರೂಪಿಸಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ಭತ್ತ ಬಂತು. ಕಪ್ಪು ಮಣ್ಣು ನೀರು ಬಸಿಯೋದು ನಿಧಾನ. ಹೀಗಾಗಿ ತಗ್ಗಿನ ಹೊಲ ಜವಳು, ಆಮೇಲೆ ಸವಳು. ಕೊನೆ ಭಾಗದ ರೈತರಿಗೆ ಮಾತ್ರ ನೀರೇ ಇಲ್ಲ. ಮೊದಲು ಬೇಸಿಗೆಗೆ ಒಣಗುತ್ತಿದ್ದ ಹಳ್ಳಗಳು ಈಗ ಬಸಿ ನೀರಿನಿಂದಲೇ ಹರಿಯುತ್ತವೆ. ತುಂಗಭದ್ರೆ ಮರ್ರೆ ಅಲ್ಲ ನಿಜ, ಮುಂಗಾರಿನ ಪ್ರವಾಹ ನದಿಯನ್ನ ಪ್ರತಿ ವರ್ಷ ತೊಳೆಯುತ್ತೆ. ಆದರೆ ಬೇಸಿಗೆಯಲ್ಲಿ ನದಿ ತೆಳ್ಳಗಾದಾಗ ಹಳ್ಳದ ನೀರಿನ ಪಾಲು ಹೆಚ್ಚು. ಕೆಳಗೆ ರಾಜೋಳಿಬಂಡಾ ಅಣೆಕಟ್ಟು ಇದೆ, ಸುಂಕೇಸುಲ ಇದೆ, ಕರ್ನೂಲ್ ಇದೆ.

ಹಳ್ಳವನ್ನ ಅಳೆಯೋದು

ಬೇಕಾದದ್ದು ಒಂದು ಇಸಿ ಪೆನ್ ಮೀಟರ್, ಅಳತೆ ಟೇಪು, ನಿಮ್ಮ ಫೋನು. ಮೀಟರ್‌ನ್ನ ಕೊಟ್ಟ ದ್ರಾವಣದಲ್ಲಿ ಆಗಾಗ ಸರಿಹೊಂದಿಸದೆ ಬಳಸಿದರೆ ಅಂಕಿಗೆ ಬೆಲೆ ಇಲ್ಲ.

ನೇರ ಇರುವ ಹಳ್ಳದ ತುಂಡು ಆರಿಸಿ 10 ಮೀಟರ್ ಗುರುತು ಹಾಕಿ. ಒಂದು ಹಸಿ ನಿಂಬೆಹಣ್ಣು ತೇಲಿ ಬಿಟ್ಟು ಸ್ಟಾಪ್‌ವಾಚ್ ಒತ್ತಿ. 33 ಸೆಕೆಂಡ್ ಹಿಡಿದರೆ ವೇಗ ಸೆಕೆಂಡ್‌ಗೆ 0.3 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರು ಇರೋದರಿಂದ 0.8ರಿಂದ ಗುಣಿಸಿ. ಹಳ್ಳ 2 ಮೀಟರ್ ಅಗಲ, ಸರಾಸರಿ 0.3 ಮೀಟರ್ ಆಳ ಅಂದ್ರೆ ಹರಿವು ಸೆಕೆಂಡ್‌ಗೆ 144 ಲೀಟರ್. ನೀರಿನ ಇಸಿ 2 ಬಂತು ಅನ್ನಿ. ಲೀಟರ್‌ಗೆ 1,280 ಮಿಲಿಗ್ರಾಂ. ಸೆಕೆಂಡ್‌ಗೆ 184 ಗ್ರಾಂ, ದಿನಕ್ಕೆ ಸುಮಾರು 16 ಟನ್. ಮೊಳಕಾಲು ಮುಳುಗದ ಒಂದು ಹಳ್ಳ ದಿನಕ್ಕೆ ಒಂದೂವರೆ ಲಾರಿ ಉಪ್ಪು ಹೊರುತ್ತೆ! ಇದು ಉದಾಹರಣೆಯ ಅಂಕಿ, ನಿಮ್ಮ ಹಳ್ಳದ್ದು ನೀವೇ ತೆಗೀಬೇಕು. ಬರೀ ಇಸಿ ನೋಡಿ ಮೋಸ ಹೋಗಬೇಡಿ. ಇಸಿ 6 ಇರುವ ಸಣ್ಣ ಒರತೆಗಿಂತ ಇಸಿ 2 ಇರುವ ದೊಡ್ಡ ಹಳ್ಳ ಹೆಚ್ಚು ಉಪ್ಪು ಸಾಗಿಸಬಹುದು.

ಹೊಲದೊಳಗಿನ ಮಟ್ಟ ನೋಡಲು ಎರಡು ಇಂಚಿನ ಪಿವಿಸಿ ಪೈಪ್ ಎರಡೂವರೆ ಮೀಟರ್ ಆಳಕ್ಕೆ ಇಳಿಸಿ. ಕೆಳಗಿನ ಒಂದು ಮೀಟರ್‌ಗೆ ಗರಗಸದಿಂದ ಸೀಳು ಹಾಕಿ, ನೈಲಾನ್ ಜಾಲರಿ ಸುತ್ತಿ, ಸುತ್ತ ದಪ್ಪ ಮರಳು ತುಂಬಿ, ಮೇಲೆ ಮುಚ್ಚಳ ಹಾಕಿ. ಹದಿನೈದು ದಿನಕ್ಕೊಮ್ಮೆ ಮಟ್ಟ ಮತ್ತು ಇಸಿ ಬರೆದಿಡಿ. ನೀರು ಒಂದೂವರೆ ಮೀಟರ್‌ಗಿಂತ ಮೇಲೆ ನಿಂತರೆ ಕಪ್ಪು ಮಣ್ಣು ಬತ್ತಿಯ ಹಾಗೆ ಉಪ್ಪನ್ನ ಮೇಲಕ್ಕೆ ಎಳೆಯುತ್ತೆ.

ಹಳ್ಳಕ್ಕೆ ಉಪ್ಪು ಕಡಿಮೆ ಮಾಡುವ ದಾರಿ

ನಾನು ಸಾವಯವದವನು, ಆದರೂ ಒಂದು ಮಾತು ನೇರ ಹೇಳ್ತೀನಿ: ಜೀವಾಮೃತ, ಕಾಂಪೋಸ್ಟ್ ಉಪ್ಪನ್ನ ಮಾಯ ಮಾಡಲ್ಲ. ಮಣ್ಣು ಸಡಿಲ ಮಾಡಿ ಉಪ್ಪು ಕೆಳಗೆ ಇಳಿಯಲು ಸಹಾಯ ಮಾಡ್ತವೆ, ಇಳಿದದ್ದು ಎಲ್ಲೋ ಒಂದು ಕಡೆ ಹೋಗಲೇಬೇಕು. ಜಿಪ್ಸಮ್ ಕೂಡ ಹಾಗೇ. ಅದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ ಮದ್ದು, ಬರೀ ಉಪ್ಪಾದ ಮಣ್ಣಿಗಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಚೀಲ ತರಬೇಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು ಬಗ್ಗೆ ಬಹಳ ವರ್ಷದಿಂದ ಕೆಲಸ ನಡೆದಿದೆ, ಅಲ್ಲಿ ಕೇಳಿ.

ನನಗೆ ಎಲ್ಲಕ್ಕಿಂತ ಲಾಭ ಅನ್ನಿಸಿದ್ದು ಮೇಲ್ಬದಿಯ ತಡೆಗಾಲುವೆ. ಉಪಕಾಲುವೆಯಿಂದ ಸೋರಿದ ನೀರು ಹೊಲಕ್ಕೆ ನುಗ್ಗುವ ಬದುವಿನಲ್ಲೇ ಆಳದ ಕಾಲುವೆ ತೆಗೆದು ಅದನ್ನ ಕೃಷಿಹೊಂಡಕ್ಕೆ ತಿರುಗಿಸೋದು. ಆ ಜಾಗದಲ್ಲಿ ಸೋರಿದ ನೀರು ಇನ್ನೂ ಸಿಹಿ, ನಮ್ಮಲ್ಲಿ ಅದರ ಇಸಿ ಕಾಲುವೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಅದೇ ನೀರು ಹೊಲ ದಾಟಿ ಕೆಳಬದಿಗೆ ಬರೋವಾಗ ಉಪ್ಪು ಹೊತ್ತುಕೊಂಡು ಬರುತ್ತೆ. ಮರ್ರೆಯವರು ನದಿ ಬದಿಯಲ್ಲಿ ಉಪ್ಪು ನೀರು ತಡೆದರು, ನಾವು ಮೇಲೆ ಸಿಹಿ ನೀರು ತಡೆಯಬಹುದು. ಪೇರಲ, ನುಗ್ಗೆಗೆ ನಾನು ಡ್ರಿಪ್‌ನಲ್ಲಿ ಕೊಡೋದು ಈ ನೀರನ್ನೇ.

ಕಾಲುವೆ ಪಕ್ಕ ಮರದ ಸಾಲೂ ಇದೇ ಕೆಲಸ ಮಾಡುತ್ತೆ. ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆ ಗುಂಟ ನೀಲಗಿರಿ ಹಾಕಿ ಸೋರಿಕೆ ನೀರು ಇಳಿಸಿದ ಅನುಭವ ಇದೆ. ನಾನಾದರೆ ಹೊಂಗೆ ಹಾಕ್ತೀನಿ, ಸ್ವಲ್ಪ ಉಪ್ಪು ತಡೆಯುತ್ತೆ, ಎಲೆ ಹಸಿರುಗೊಬ್ಬರಕ್ಕೂ ಆಯ್ತು. ಆದರೆ ಬೇರಿನ ಸುತ್ತ ಉಪ್ಪು ಉಳಿಯುತ್ತೆ, ಸವಳು ಪೂರ್ತಿ ಬಿದ್ದ ಹೊಲಕ್ಕೆ ಮರ ಪರಿಹಾರ ಅಲ್ಲ.

ನೆಲದೊಳಗೆ ತೂತಿನ ಬಸಿ ಪೈಪ್ ಹಾಕಿಸಿದವರು ಹೊರಬಾಯಿಗೆ ಮೊಣಕೈ ಜೋಡಿಸಿ, ತಿರುಗಿಸಿ ಎತ್ತರಿಸುವ ಪೈಪ್ ಇಡಿ. ಮೊದಲ ಒಂದೆರಡು ವರ್ಷ ಉಪ್ಪು ತೊಳೆದು ಹೋಗಲಿ, ಆಮೇಲೆ ಬೆಳೆ ಇರುವಾಗ ಬಾಯಿ ಎತ್ತರಿಸಿ ಅನಗತ್ಯ ಬಸಿಯೋದನ್ನ ತಡೀರಿ. ಇದರಿಂದ ಹಳ್ಳಕ್ಕೆ ಉಪ್ಪೂ ಕಡಿಮೆ, ನಿಮ್ಮ ಸಾರಜನಕವೂ ಉಳಿಯುತ್ತೆ. ಉಪ್ಪು ತೊಳೆಯುವ ಕೆಲಸವನ್ನ ಮಳೆಗಾಲದಲ್ಲೇ ಮಾಡಿ, ನದಿ ತುಂಬಿ ಹರಿಯುವಾಗ. ಬೇಸಿಗೆಯಲ್ಲಿ ಬಾಯಿ ತೆರೆದರೆ ಕೆಳಗಿನ ಊರಿನ ಲೋಟಕ್ಕೆ ನೇರ ಹಾಕಿದ ಹಾಗೆ.

ಬಸಿ ನೀರನ್ನ ಕಾಲುವೆ ನೀರಿಗೆ ಬೆರೆಸಿ ಹತ್ತಿ, ಜೋಳಕ್ಕೆ ಕೊಡೋದು ಸಾಧ್ಯ, ಎರಡೂ ಉಪ್ಪು ತಡೆಯುವ ಬೆಳೆ. ನಿಂಬೆ, ದ್ರಾಕ್ಷಿ ಹತ್ತಿರ ಒಯ್ಯಲೇಬೇಡಿ. ಸೋಡಿಯಂ ಪ್ರಮಾಣ ತಿಳಿಯದೆ ಕಪ್ಪು ಮಣ್ಣಿಗೆ ಹಾಕಿದರೆ ಮಣ್ಣು ಕಲ್ಲಾಗುತ್ತೆ.

ಎರಡನೇ ಬೆಳೆಗೆ ಭತ್ತ ಬಿಟ್ಟು ಕಡಲೆ, ಜೋಳ ಹಾಕಿ ಅಂತ ಹೇಳೋದು ಸುಲಭ. ಸುತ್ತ ಎಲ್ಲರೂ ಭತ್ತ ಹಾಕಿದಾಗ ನಡುವಿನ ಹೊಲದವನು ಕಡಲೆ ಹಾಕಿದರೆ ಪಕ್ಕದ ನೀರು ಒಸರಿ ಕಡಲೆ ಕೊಳೆಯುತ್ತೆ. ಹಾಗಾಗಿ ಇದು ಒಂದು ತೂಬಿನ ಕೆಳಗಿನ ರೈತರೆಲ್ಲ ಕೂತು ಮಾಡಬೇಕಾದ ತೀರ್ಮಾನ. ಅಲ್ಲಿ ಮಾತು ಶುರು ಮಾಡಲು ನಿಮ್ಮ ಕೈಯಲ್ಲಿ ಅಂಕಿ ಇರಲಿ. ಕಾಲುವೆ, ಹೊಲದ ಪೈಪ್, ಬಸಿಗಾಲುವೆ, ಹಳ್ಳ ಈ ನಾಲ್ಕು ಜಾಗದ ಇಸಿಯನ್ನ ಮೀಟರ್ ಕಾಣುವ ಫೋಟೊ, ದಿನಾಂಕ, ಲೊಕೇಶನ್ ಸಮೇತ ತೂಬಿನ ವಾಟ್ಸಾಪ್ ಗುಂಪಿಗೆ ಹಾಕಿ. ಕಾಲುವೆ ನೀರು ನಿಂತು ಹದಿನೈದು ದಿನಕ್ಕೆ ಒಂದು ಅಳತೆ ತಪ್ಪಿಸಬೇಡಿ. ಆಗ ಹಳ್ಳದಲ್ಲಿ ಹರಿಯೋದು ನೆಲದೊಳಗಿಂದ ಬಂದ ನೀರು ಮಾತ್ರ, ಬೆರಕೆ ಇರಲ್ಲ.